ಮನೆಯ ಮಾತು, ಬೀದಿಯ ಬೆಂಕಿ

‘ಘರ್ ಕಿ ಬಾತ್ ಘರ್ ಮೇ’ ಎಂಬುದು ನಮ್ಮ ಕಡೆಯ ಮುಸ್ಲಿಂ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು. ಮನೆಯ ಗುಟ್ಟು ಮನೆಯೊಳಗೇ ಇರಲಿ ಎಂದು ಕನ್ನಡದ ಮನೆಗಳಲ್ಲೂ ಹೇಳುತ್ತಾರೆ. ಎರಡೂ ಭಾಷೆಗಳಲ್ಲಿ ಈ ಬುದ್ಧಿವಾದ ಹೆಚ್ಚಾಗಿ ಸಲ್ಲುವುದು ಹೆಣ್ಣಿಗೆ. ಮನೆ ಎಂಬ ಮಾತಿನ ಜಾಗದಲ್ಲಿ ಸಮುದಾಯ ಬಂದು ಕುಳಿತಾಗಲೂ ಬುದ್ಧಿವಾದ ಬದಲಾಗುವುದಿಲ್ಲ. ಸುತ್ತಲೂ ದ್ವೇಷದ ಗಾಳಿ ಬೀಸುತ್ತಿರುವಾಗ ನಮ್ಮೊಳಗಿನ ಅನ್ಯಾಯವನ್ನು ಹೆಣ್ಣೊಬ್ಬಳು ಬಯಲಿನಲ್ಲಿ ಆಡಿದರೆ ಅದು ದ್ರೋಹವೇ? ಆಡದೆ ಉಳಿದರೆ ಅವಳು ತನಗೆ ತಾನೇ ದ್ರೋಹ ಮಾಡಿಕೊಂಡಂತೆ ಆಗುವುದಿಲ್ಲವೇ?

ಇದು ಕನ್ನಡಕ್ಕೆ ಹೊಸ ಪ್ರಶ್ನೆಯಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಎಂಬತ್ತರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗಲೇ ಇದು ಎದ್ದಿತ್ತು. ತಲಾಖ್ ಮತ್ತು ಮರುಮದುವೆಯ ಕಟ್ಟಳೆಗಳ ನಡುವೆ ಸಿಕ್ಕ ನಾದಿರಾಳ ಕಥೆ ಸುಳ್ಳೆಂದು ವಾದಿಸಿದವರಿಗಿಂತ, ಅದನ್ನು ಎಲ್ಲರ ಮುಂದೆ ಹೇಳಿದ್ದು ತಪ್ಪು ಎಂದವರೇ ಹೆಚ್ಚು. ಹಾಸನದ ಬಾನು ಮುಷ್ತಾಕ್ ಅವರ ಬದುಕಿನಲ್ಲಿ ಈ ಪ್ರಶ್ನೆಗೆ ಎರಡು ಮುಖಗಳು ಬಂದವು. ಹೆಣ್ಣುಮಕ್ಕಳು ಮಸೀದಿಗೆ ಹೋಗಿ ಪ್ರಾರ್ಥನೆ ಮಾಡುವ ಹಕ್ಕಿನ ಪರವಾಗಿ ಮಾತನಾಡಿದ್ದಕ್ಕೆ 2000ರಲ್ಲಿ ಅವರು ಸ್ವಂತ ಸಮುದಾಯದಿಂದ ಬಹಿಷ್ಕಾರ ಎದುರಿಸಿದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ಮುಸ್ಲಿಂ ಹೆಣ್ಣು ಅದನ್ನು ಹೇಗೆ ಉದ್ಘಾಟಿಸಬಲ್ಲಳು ಎಂದು ಬೇರೆಯವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಒಳಗಿನವರಿಗೆ ಆಕೆ ಸಾಲದಷ್ಟು ಮುಸ್ಲಿಂ, ಹೊರಗಿನವರಿಗೆ ಸಹಿಸಲಾರದಷ್ಟು ಮುಸ್ಲಿಂ. ಹೆಣ್ಣು ಒಬ್ಬಳೇ, ಕಟಕಟೆ ಎರಡು.

ಸಾಹಿತ್ಯದಲ್ಲಿ ಈ ಸಂಗತಿಯನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ಚಿತ್ರ ಮತ್ತು ಶಿಲ್ಪದ ಲೋಕದಲ್ಲಿ ಅಷ್ಟಾಗಿ ಗಮನಿಸಿಲ್ಲ. ಬೆಂಗಳೂರಿನಲ್ಲಿ 1952ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ರುಮ್ಮಾನಾ ಹುಸೇನ್ ಅವರ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣುವುದು ಅಪರೂಪ. ಇಂಥ ಪ್ರಶ್ನೆಗೆ ಮೈಯೊಡ್ಡಿ ನಿಂತ ಕಲಾವಿದೆಯರಲ್ಲಿ ಅವರು ಮುಖ್ಯರು.

ಎಂಬತ್ತರ ದಶಕದಲ್ಲಿ ಅವರು ಎಣ್ಣೆಬಣ್ಣದ ಚಿತ್ರಗಳನ್ನು ಬರೆಯುತ್ತಿದ್ದರು. ಅವುಗಳಲ್ಲಿ ‘ಮುಸ್ಲಿಂ ಹೆಣ್ಣು’ ಎಂಬ ಗುರುತು ಮುಂದೆ ಬಂದು ನಿಂತಿರಲಿಲ್ಲ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಅದರ ಬೆನ್ನಿಗೆ ಮುಂಬಯಿಯ ಗಲಭೆಗಳು ನಡೆದವು. ಆ ದಿನಗಳಲ್ಲಿ ಮನುಷ್ಯನನ್ನು ಹೆಸರಿನಿಂದಲೇ ಗುರುತು ಹಿಡಿದು ಬೇಟೆಯಾಡಲಾಯಿತು. ತನಗೆ ಅಷ್ಟಾಗಿ ಬೇಕಿರದ ಗುರುತು ಬೀದಿಯಿಂದ ಬಂದು ಬಾಗಿಲು ಬಡಿದಾಗ ಏನು ಮಾಡಬೇಕು? ರುಮ್ಮಾನಾ ಕುಂಚವನ್ನು ಬದಿಗಿಟ್ಟರು. ಒಡೆದ ಮಣ್ಣಿನ ಮಡಕೆ, ಕನ್ನಡಿ, ಕೆಮ್ಮಣ್ಣು, ನೀಲಿ, ಸೀಳಿದ ಪರಂಗಿಹಣ್ಣು ಇವನ್ನೆಲ್ಲ ಕೋಣೆಯಲ್ಲಿ ಹರಡಿ ಜೋಡಿಸತೊಡಗಿದರು. ಅಡುಗೆಮನೆ ಅಂಗಳಗಳಲ್ಲಿ ಹೆಣ್ಣಿನ ಕೈ ದಿನವೂ ಮುಟ್ಟುವ ವಸ್ತುಗಳಿವು. ಬೋರಲು ಬಿದ್ದ ಅರ್ಧ ಮಡಕೆ ನೋಡುವವರಿಗೆ ಗುಮ್ಮಟದಂತೆಯೂ ಕಾಣುತ್ತದೆ, ಬಸುರಿಯ ಹೊಟ್ಟೆಯಂತೆಯೂ ಕಾಣುತ್ತದೆ. ಒಡೆದದ್ದು ಮಸೀದಿಯ ಗುಮ್ಮಟ ಮಾತ್ರವಲ್ಲ, ಪ್ರತಿ ಗಲಭೆಯಲ್ಲೂ ಒಡೆಯುವುದು ಹೆಣ್ಣಿನ ಮೈ ಮತ್ತು ಅವಳ ಮನೆ ಎಂಬುದನ್ನು ಅವರು ಭಾಷಣವಿಲ್ಲದೆ ಮುಂದಿಟ್ಟರು.

1995ರಲ್ಲಿ ಮುಂಬಯಿಯ ಎನ್‌ಸಿಪಿಎ ಆವರಣದಲ್ಲಿ ಅವರು ತಾವೇ ಕಲಾಕೃತಿಯಾಗಿ ನಡೆದರು. ಕಾಲಿಗೆ ಗೆಜ್ಜೆ, ಕೈಯಲ್ಲಿ ಹೋಳಾದ ಪರಂಗಿ, ಪೂರ್ತಿ ತೆರೆದ ಬಾಯಿ. ಆ ಬಾಯಿಯಿಂದ ದನಿಯೇ ಬರುವುದಿಲ್ಲ. ಕೂಗುತ್ತಿದ್ದಾಳೆ, ಕೇಳಿಸುತ್ತಿಲ್ಲ. ಆ ಕೂಗು ಯಾರ ವಿರುದ್ಧ? ಮಸೀದಿ ಕೆಡವಿದವರ ವಿರುದ್ಧವೇ, ಹೆಣ್ಣಿನ ಬಾಯಿ ಮುಚ್ಚಿಸಿದ ಸ್ವಂತದವರ ವಿರುದ್ಧವೇ? ಈ ಎರಡನ್ನೂ ಬೇರ್ಪಡಿಸಲು ಆ ಕೃತಿ ಒಪ್ಪುವುದಿಲ್ಲ. ಅದರ ನೈತಿಕ ಬಲವಿರುವುದು ಅಲ್ಲಿಯೇ. 1997ರಲ್ಲಿ ಅವರು ಅವಧದ ಬೇಗಂ ಹಜ್ರತ್ ಮಹಲಳ ಹೆಸರಿನಲ್ಲಿ ಒಂದು ಗೋರಿಯನ್ನು ರೂಪಿಸಿದರು. 1857ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಲಖನೌದಲ್ಲಿ ನಿಂತ ಆ ಹೆಣ್ಣು ಕೊನೆಗೆ ಕಠ್ಮಂಡುವಿನಲ್ಲಿ ಮಣ್ಣಾದಳು. ಮುಸ್ಲಿಂ ಹೆಣ್ಣು ಎಂದ ಕೂಡಲೇ ಪರದೆಯನ್ನಷ್ಟೇ ನೆನೆಯುವವರಿಗೆ ಕತ್ತಿಯನ್ನೂ ನೆನಪಿಸಿದ ಕೆಲಸವದು. 1998ರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಾದ ತಮ್ಮ ದೇಹವನ್ನೇ ಮುಂದಿಟ್ಟುಕೊಂಡು, ಪರದೆಯ ಹೆಣ್ಣಿನ ಬಗ್ಗೆ ಲೋಕ ಕಟ್ಟಿಕೊಂಡ ಕಲ್ಪನೆಗಳನ್ನು ಪ್ರಶ್ನೆಗಳ ಸಾಲಾಗಿ ಓದಿದರು. ಉತ್ತರ ಕೊಡಲಿಲ್ಲ.

ಬಸವಕಲ್ಯಾಣದ ಸೀಮೆಯಲ್ಲಿ ಬೆಳೆದವರಿಗೆ ಇದು ತೀರ ಅಪರಿಚಿತವಲ್ಲ. ‘ಶೂನ್ಯಸಂಪಾದನೆ’ಯ ಪ್ರಕಾರ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪದಲ್ಲಿ ಅಲ್ಲಮ ಮೊದಲು ಕೇಳಿದ್ದು ಅವಳ ಗಂಡನ ಕುರಿತು, ಅವಳ ಮೈ ಮತ್ತು ಅದನ್ನು ಮರೆಮಾಡಿದ ಕೂದಲಿನ ಕುರಿತು. ಅಷ್ಟು ದೊಡ್ಡ ಕ್ರಾಂತಿಯ ಊರಿನಲ್ಲೂ ಹೆಣ್ಣು ತನ್ನ ದೇಹದ ಬಗ್ಗೆ ಜವಾಬು ಹೇಳಿಯೇ ಒಳಗೆ ಬರಬೇಕಾಯಿತು. ಆದರೆ ಕಲ್ಯಾಣದ ಹಿರಿಮೆಯೆಂದರೆ ಅಲ್ಲಿ ಜವಾಬನ್ನು ಕೂತು ಕೇಳಿದರು.

ಈ ಇಕ್ಕಟ್ಟು ನಮ್ಮದೊಂದೇ ಸಮುದಾಯದ್ದೆಂದು ತಿಳಿಯಬೇಕಾಗಿಲ್ಲ. ಶತಮಾನಗಳ ಕಾಲ ಬೇಟೆಗೆ ಒಳಗಾದ ಇನ್ನೊಂದು ಸಮುದಾಯದ, ಅಂದರೆ ಯಹೂದಿಗಳ, ಹೆಣ್ಣುಮಕ್ಕಳೂ ಇದನ್ನೇ ಎದುರಿಸಿದ್ದಾರೆ. ಯಹೂದಿ ಎಂದ ಕೂಡಲೇ ಓದುಗರ ಕಣ್ಣ ಮುಂದೆ ಗಾಝಾ ಬರುತ್ತದೆ. ಬರಬೇಕಾದದ್ದೇ. ಆದರೆ ಒಂದು ಸರ್ಕಾರ ಬೇರೆ, ಒಂದು ಸಮುದಾಯ ಬೇರೆ ಎಂದು ನಮ್ಮ ಬಗ್ಗೆ ಬೇರೆಯವರು ತಿಳಿಯಲಿ ಎಂದು ಬಯಸುವ ನಾವು ಅದೇ ನ್ಯಾಯವನ್ನು ಅವರಿಗೂ ಕೊಡಬೇಕಲ್ಲವೇ?

ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕಟ್ಟಾ ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ 1931ರಲ್ಲಿ ಹುಟ್ಟಿದ ಹೆಲೆನ್ ಐಲಾನ್ 1990ರಿಂದ 1996ರವರೆಗೆ ಒಂದೇ ಕೆಲಸ ಮಾಡಿದರು. ನಾವು ತೌರಾತ್ ಎನ್ನುವ ತಮ್ಮ ಧರ್ಮಗ್ರಂಥದ ಪುಟಪುಟದ ಮೇಲೂ ಹಿಂದಿನದು ಕಾಣುವಂಥ ತೆಳು ಹಾಳೆ ಹಾಸಿದರು. ಹೆಣ್ಣನ್ನು ಕೀಳಾಗಿಸುವ, ಕ್ರೌರ್ಯವನ್ನು ದೇವರ ಹೆಸರಿಗೆ ಹಚ್ಚುವ ಸಾಲುಗಳೆಂದು ತಮಗೆ ಕಂಡಲ್ಲೆಲ್ಲ ಆ ಹಾಳೆಯ ಮೇಲೆ ಗುಲಾಬಿ ಬಣ್ಣ ಎಳೆದರು. ಮೂಲ ಪುಟಕ್ಕೆ ಒಂದು ಚುಕ್ಕೆಯೂ ತಾಗಲಿಲ್ಲ. ಅವರ ವಾದವಿಷ್ಟು: ಗಂಡಸರು ದೇವರ ಮೇಲೆ ಹೊರಿಸಿದ ತಮ್ಮ ದನಿಯಿಂದ ದೇವರನ್ನು ಬಿಡಿಸಬೇಕು. ಅವರ ದಾರಿ ನಮ್ಮ ಓದುಗರೆಲ್ಲರಿಗೂ ಒಪ್ಪಿಗೆಯಾಗಲಾರದು. ಆದರೆ ಆ ತೆಳು ಹಾಳೆಯ ಬಗ್ಗೆ ಯೋಚಿಸಬೇಕು. ಪುಸ್ತಕವನ್ನು ಎಸೆದು ಹೊರಟವಳಿಗೆ ಹಾಳೆ ಹಾಸುವ ತಾಳ್ಮೆ ಬೇಕಾಗಿರುವುದಿಲ್ಲ. ಆರು ವರ್ಷ ಪುಟ ಪುಟ ತಿರುವಿದವಳು ಆ ಪುಸ್ತಕ ತನ್ನದೂ ಹೌದು ಎಂದೇ ತಿರುವಿದ್ದಾಳೆ.

ಇನ್ನೊಬ್ಬರು ನಮಗೆ ಇನ್ನೂ ಹತ್ತಿರದವರು. ಸಿಯೋನಾ ಬೆಂಜಮಿನ್ 1960ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಬೆನೆ ಇಸ್ರೇಲಿ ಯಹೂದಿ. ಕೊಂಕಣದ ಹಳ್ಳಿಗಳಲ್ಲಿ ಮರಾಠಿ ಮಾತಾಡಿಕೊಂಡು, ಎಣ್ಣೆಗಾಣ ನಡೆಸುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಿಂದ ಅವರನ್ನು ಶನಿವಾರ ತೇಲಿಗಳೆಂದು ಕರೆಯುತ್ತಿದ್ದರು. ಸಿಯೋನಾ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಮೆರಿಕಕ್ಕೆ ಹೋದರು. ಮೊಘಲ್ ಮತ್ತು ಪರ್ಷಿಯನ್ ಕಿರುಚಿತ್ರಗಳ ಶೈಲಿಯಲ್ಲಿ ಯಹೂದಿ ಪುರಾಣದ ಹೆಣ್ಣುಗಳನ್ನು ಬರೆದರು. ಆ ಹೆಣ್ಣುಗಳ ಮೈ ನೀಲಿ. ಎಲ್ಲಿ ಹೋದರೂ ಹೊರಗಿನವಳಾಗಿಯೇ ಕಾಣುವ ಕಂದುಮೈಯ ಯಹೂದಿ ಹೆಣ್ಣು, ಯಾವ ಒಂದು ದೇಶಕ್ಕೂ ಸೇರದ ಆಕಾಶದ ಬಣ್ಣ ತೊಟ್ಟಳು. ಆ ಮಾಲಿಕೆಯೊಂದಕ್ಕೆ ಅವರಿಟ್ಟ ಹೆಸರು ‘ಫರಿಶ್ತೆ’, ನಮ್ಮ ಉರ್ದುವಿನ ಶಬ್ದ.

ಸಿಯೋನಾ ಸಾರಾ ಮತ್ತು ಹಾಜಿರಾ ಇಬ್ಬರೂ ತಬ್ಬಿಕೊಂಡಿರುವ ಚಿತ್ರವನ್ನು ಬರೆದಿದ್ದಾರೆ. ಒಬ್ಬಳು ಯಹೂದಿಗಳ ಮೂಲತಾಯಿ, ಇನ್ನೊಬ್ಬಳು ಅರಬರ ಮೂಲತಾಯಿ. ಬೈಬಲ್ಲಿನ ಕಥೆಯಲ್ಲಿ ಸಾರಾಳ ಮಾತಿನ ಮೇರೆಗೆ ಹಾಜಿರಾ ಮಗನೊಂದಿಗೆ ಮರಳುಗಾಡಿಗೆ ಹೊರಡುತ್ತಾಳೆ. ಮಕ್ಕಳ ಸಂತತಿ ಬಡಿದಾಡುತ್ತಿರುವಾಗ ತಾಯಂದಿರನ್ನು ತಬ್ಬಿಸುವುದು ಯಹೂದಿ ಕಲಾವಿದೆಗೆ ಸುಲಭದ ಕೆಲಸವಲ್ಲ. ನಮಗೂ ಅದರಲ್ಲಿ ಪಾಠವಿದೆ. ಹಜ್‌ಗೆ ಹೋದ ಲಕ್ಷಾಂತರ ಗಂಡಸರು ಸಫಾ ಮರ್ವಾಗಳ ನಡುವೆ ನಡೆಯುವುದು ಯಾರ ಹೆಜ್ಜೆಯಲ್ಲಿ? ಹಸುಗೂಸಿಗೆ ನೀರು ಹುಡುಕುತ್ತ ಓಡಿದ, ಬೆಂಗಾವಲಿಲ್ಲದ ಒಬ್ಬ ಹೆಣ್ಣಿನ ಹೆಜ್ಜೆಯಲ್ಲಿ. ಅವಳ ಓಟವನ್ನು ಇಬಾದತ್ತಿನ ಭಾಗವಾಗಿಸಿಕೊಂಡ ಧರ್ಮದಲ್ಲಿ ಹೆಣ್ಣಿನ ಅಳಲು ಮನೆಯೊಳಗೇ ಇರಲಿ ಎನ್ನುವುದು ಹೇಗೆ?

2024ರ ನವೆಂಬರಿನಲ್ಲಿ ಬರ್ಲಿನ್ನಿನ ದೊಡ್ಡ ಮ್ಯೂಸಿಯಮ್ಮೊಂದರಲ್ಲಿ ಅಮೆರಿಕದ ಯಹೂದಿ ಛಾಯಾಗ್ರಾಹಕಿ ನಾನ್ ಗೋಲ್ಡಿನ್ ಅವರ ಪ್ರದರ್ಶನ ಆರಂಭವಾಯಿತು. ಸನ್ಮಾನದ ಮಾತಾಡಬೇಕಾದ ಜಾಗದಲ್ಲಿ ಅವರು ಮೊದಲು ನಾಲ್ಕು ನಿಮಿಷ ಮೌನ ಆಚರಿಸಿದರು. ಪ್ಯಾಲೆಸ್ಟೈನ್, ಲೆಬನಾನ್, ಇಸ್ರೇಲ್ ಮೂರೂ ಕಡೆ ಸತ್ತವರಿಗಾಗಿ. ಆಮೇಲೆ ಗಾಝಾದಲ್ಲಿ ಇಸ್ರೇಲ್ ಮಾಡುತ್ತಿರುವುದನ್ನು ಖಂಡಿಸಿದರು. ಆ ಮ್ಯೂಸಿಯಮ್ಮಿನ ನಿರ್ದೇಶಕರು ಅದೇ ಸಂಜೆ ತಮ್ಮ ಅಭಿಪ್ರಾಯ ಬೇರೆ ಎಂದು ಹೇಳಬೇಕಾಯಿತು. 2023ರ ಅಕ್ಟೋಬರ್ ದಾಳಿಯ ನೋವು ಆರದ ಹೊತ್ತಿನಲ್ಲಿ ಈ ಮಾತಾಡಬಾರದು ಎಂದು ಗೋಲ್ಡಿನ್‌ಗೆ ಹೇಳಿದವರು ಅವರ ಸಮುದಾಯದಲ್ಲೂ ಕಡಿಮೆಯಿರಲಿಲ್ಲ. ‘ಇದು ಸಮಯವಲ್ಲ’ ಎನ್ನುವ ಮಾತಿಗೆ ಮತಭೇದವಿಲ್ಲ.

ಇಷ್ಟಾದರೂ ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. ಹೆಣ್ಣಿನ ನೋವನ್ನು ಹೊರಗಿನವರು ಸೌದೆಯಾಗಿ ಒಯ್ಯುತ್ತಾರೆ ಎಂಬುದು ಸುಳ್ಳಲ್ಲ. 1985ರಲ್ಲಿ ಶಾ ಬಾನೋ ಎಂಬ ವೃದ್ಧೆಯ ಜೀವನಾಂಶದ ಅರ್ಜಿ ಏನಾಯಿತೆಂದು ನೋಡಿದ್ದೇವೆ. ಒಬ್ಬರಿಗೆ ಅದು ಶರೀಯತ್ತಿನ ಮೇಲಿನ ದಾಳಿಯಾಯಿತು, ಇನ್ನೊಬ್ಬರಿಗೆ ನಮ್ಮನ್ನು ಹಳಿಯುವ ಅಸ್ತ್ರವಾಯಿತು. ಆಕೆಯ ತಿಂಗಳ ಖರ್ಚು ಎರಡೂ ಕಡೆಯವರಿಗೆ ಮರೆತುಹೋಯಿತು. 2022ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿದಾಗಲೂ ಅದೇ ಆಯಿತು. ಹಿಜಾಬ್ ತೆಗೆಸುವುದೇ ಹೆಣ್ಣಿನ ಬಿಡುಗಡೆ ಎಂದವರು ಕಾಲೇಜಿನ ಗೇಟು ಮುಚ್ಚಿದ್ದಕ್ಕೆ ಮರುಗಲಿಲ್ಲ. ಹಿಜಾಬೇ ಸಮುದಾಯದ ಮಾನ ಎಂದವರಲ್ಲಿ ಎಷ್ಟೋ ಮಂದಿ ಆ ಹುಡುಗಿಯರ ಪರೀಕ್ಷೆಯ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ತನಗೆ ಹಿಜಾಬೂ ಬೇಕು, ಡಿಗ್ರಿಯೂ ಬೇಕು ಎಂದ ಹುಡುಗಿಯ ಸರಳ ಮಾತು ಎರಡು ಘೋಷಣೆಗಳ ನಡುವೆ ಅಡಗಿತು.

ಹಾಗಾದರೆ ಸುಮ್ಮನಿರುವುದೇ ಕ್ಷೇಮವೇ? ನಮ್ಮ ಸೀಮೆಯ ಚರಿತ್ರೆ ಹಾಗೆ ಹೇಳುವುದಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಅದೇ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆದ ಮೇಲೆ ಮುಸ್ಲಿಮರ ಮೇಲೆ ಪ್ರತೀಕಾರ ನಡೆಯಿತು. ಅದನ್ನು ವಿಚಾರಿಸಲು ಬಂದ ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಗುಲ್ಬರ್ಗಾವನ್ನೂ ಹೆಸರಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು, ಹೆಂಗಸರ ಅಪಹರಣ ಮತ್ತು ಮಾನಭಂಗವನ್ನೂ ದಾಖಲಿಸಿತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ಸರ್ಕಾರ ವರದಿಯನ್ನು ಮುಚ್ಚಿಟ್ಟಿತು, ಮನೆಗಳು ಹೆಂಗಸರ ಬಾಯಿ ಮುಚ್ಚಿದವು. ರಾಜೇಶ್ವರ, ಹುಮನಾಬಾದ್ ಕಡೆಯ ಮುದುಕಿಯರು ‘ಪುಲಿಸ್ ಆಕ್ಷನ್ ಕಾ ಸಾಲ್’ ಎಂದಷ್ಟೇ ಹೇಳಿ, ಮಾತು ನಿಲ್ಲಿಸಿ, ಅಕ್ಕಿ ಆರಿಸುವುದಕ್ಕೆ ತೊಡಗುತ್ತಿದ್ದರು. ಮಾನ ಉಳಿಸಲೆಂದು ಹೇರಿದ ಆ ಮೌನದಿಂದ ಉಳಿದದ್ದು ಯಾರ ಮಾನ? ನೋವುಂಡವರು ನೋವನ್ನು ಹೊತ್ತೇ ಗೋರಿ ಸೇರಿದರು, ಮಾಡಿದವರು ನಿಶ್ಚಿಂತೆಯಿಂದ ಮುಪ್ಪಾದರು. ರುಮ್ಮಾನಾ ಅವರ ತೆರೆದ ಬಾಯಿ ಇಂಥ ಹೆಂಗಸರ ಬಾಯಿಯೂ ಹೌದು.

ಆದ್ದರಿಂದ ಹೇಳಬೇಕೇ ಬೇಡವೇ ಎಂಬುದು ನಿಜವಾದ ಪ್ರಶ್ನೆಯಲ್ಲ. ಹೇಳುವವಳು ಎಲ್ಲಿ ನಿಂತು ಹೇಳುತ್ತಾಳೆ, ಕೇಳುವವರು ಏನು ಮಾಡುತ್ತಾರೆ ಎಂಬುದು ಪ್ರಶ್ನೆ. ಈ ಕಲಾವಿದೆಯರು ಹೊರಗಿನವರ ಚಪ್ಪಾಳೆಗಾಗಿ ಮನೆ ಮಾರಿದವರಲ್ಲ. ಐಲಾನ್ ತಮ್ಮ ಗ್ರಂಥವನ್ನು, ಸಿಯೋನಾ ತಮ್ಮ ಮೂಲತಾಯಿಯನ್ನು, ರುಮ್ಮಾನಾ ತಮ್ಮ ಗುಮ್ಮಟವನ್ನು ಬಿಟ್ಟುಕೊಡಲಿಲ್ಲ. ತಮ್ಮದೆಂದು ಹಿಡಿದುಕೊಂಡೇ ಲೆಕ್ಕ ಕೇಳಿದರು. ಹೊರಗಿನ ಸ್ನೇಹಿತರ ಕರ್ತವ್ಯವೂ ಇಲ್ಲಿದೆ. ಬಾನು ಅವರ ಕಥೆ ಓದಿ ಮುಸ್ಲಿಂ ಗಂಡಸರನ್ನು ಬೈಯುವ ಮೊದಲು, ಅದೇ ಅಡುಗೆಮನೆ ತಮ್ಮ ಮನೆಯಲ್ಲೂ ಇದೆಯೇ ಎಂದು ಅವರು ನೋಡಿಕೊಳ್ಳಬೇಕು.

ಇನ್ನು ನಮ್ಮ ಮಾತು. ಕುರ್‌ಆನಿನ 58ನೇ ಅಧ್ಯಾಯದ ಹೆಸರು ‘ಅಲ್ ಮುಜಾದಲಾ’. ಖೌಲಾ ಎಂಬ ಹೆಣ್ಣು ತನ್ನ ಗಂಡ ತನ್ನನ್ನು ತಾಯಿಗೆ ಹೋಲಿಸಿ ದೂರಮಾಡಿದ ಅನ್ಯಾಯವನ್ನು ಪ್ರವಾದಿಯವರ (ಸ) ಮುಂದೆ ತಂದು ವಾದಿಸಿದ ಪ್ರಸಂಗದಿಂದ ಅದು ಆರಂಭವಾಗುತ್ತದೆ. ಮದೀನಾದ ಪುಟ್ಟ ಸಮುದಾಯ ವೈರಿಗಳ ನಡುವೆ ಜೀವ ಹಿಡಿದುಕೊಂಡಿದ್ದ ಕಾಲವದು. ಆ ಹೆಣ್ಣಿಗೆ ಯಾರಾದರೂ ‘ಇದು ಸಮಯವಲ್ಲ’ ಎನ್ನಬಹುದಾಗಿದ್ದರೆ ಅಂದೇ ಅನ್ನಬಹುದಾಗಿತ್ತು. ಅವಳ ಅಹವಾಲನ್ನು ಅಲ್ಲಾಹನು ಕೇಳಿದ್ದಾನೆ ಎಂದು ದಿವ್ಯವಾಣಿ ಇಳಿಯಿತು, ಗಂಡಸರ ಆ ಪದ್ಧತಿ ಖಂಡನೆಗೆ ಒಳಗಾಯಿತು. ಅರ್ಶಿನವರೆಗೆ ಮುಟ್ಟಿದ ಮಾತನ್ನು ನಾವು ಹೊಸ್ತಿಲಲ್ಲಿ ತಡೆಯುವುದು ಯಾವ ಅಧಿಕಾರದಿಂದ?