ನಕ್ಕ ಮೇಲೆ

ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡ ಕುಂಬಳೆಯ ಸೀಮೆಯವರಾದ ನಮಗೆ ಬಯಲಾಟದ ಹಾಸ್ಯಗಾರನು ಹೊಸಬನಲ್ಲ. ದೂತನಾಗಿಯೋ ಮುದುಕನಾಗಿಯೋ ಬಂದು, ಪುರಾಣದ ನಡುವೆಯೇ ನಮ್ಮ ಮನೆಗಳ ಜಿಪುಣತನವನ್ನೂ ಜಗಳವನ್ನೂ ಆತನು ಬಯಲಿಗೆಳೆಯುವನು. 1989ರಲ್ಲಿ ಅಮೇರಿಕದ ದೂರದರ್ಶನದಲ್ಲಿ ಆರಂಭವಾದ 'ದಿ ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರಮಾಲೆಯೂ ಮಾಡುವುದು ಇದನ್ನೇ: ಸೋಮಾರಿ ತಂದೆ, ತಾಳ್ಮೆಯ ತಾಯಿ, ತುಂಟ ಮಗ. ಅಲ್ಲಿ ಮಕ್ಕಳಿಗೆ ಪ್ರಾಯವೇರದು, ತಂದೆಯೂ ತಿದ್ದಿಕೊಳ್ಳನು.

ನಾವಾದರೂ ತಿದ್ದಿಕೊಂಡೆವೇ? ಇರುಳೆಲ್ಲ ನಕ್ಕು ಬಂದವರು ಬೆಳಗ್ಗೆ ಅದೇ ಜಗಳವನ್ನು ಮುಂದುವರಿಸುತ್ತೇವೆ. ನಕ್ಕೊಡನೆಯೇ ತಪ್ಪಿಗೆ ಪ್ರಾಯಶ್ಚಿತ್ತವಾಯಿತೆಂದು ಭ್ರಮಿಸುತ್ತೇವೆ. ಇಲ್ಲವೆ, ಆ ತಪ್ಪು ನೆರೆಮನೆಯವನದೆಂದುಕೊಳ್ಳುತ್ತೇವೆ. ಆದರೂ ಹಾಸ್ಯವನ್ನು ದೂರಲಾರೆವು. ಗದರಿಕೆಗೆ ಮುಚ್ಚಿಕೊಳ್ಳುವ ಕಿವಿ ನಗೆಗೆ ತೆರೆದುಕೊಳ್ಳುತ್ತದೆ. ಹಾಸ್ಯಗಾರನ ಕೆಲಸ ಅಲ್ಲಿಗೆ ಮುಗಿಯಿತು. ಕೇಳಿದ್ದನ್ನು ಮನೆಗೆ ಒಯ್ಯುವ ಹೊಣೆ ನಮ್ಮದು.