ಗಡುವೂ ಕ್ಷಮೆಯೂ

ಕಾಲ ಮೀರಿ ಬಂದವನಿಗೆ ಬಾಗಿಲನ್ನು ತೆರೆಯಬೇಕೆ, ಮುಚ್ಚಬೇಕೆ ಎಂಬುದು ಮೇಲುನೋಟಕ್ಕೆ ಕಚೇರಿಯ ಗುಮಾಸ್ತರು ಇತ್ಯರ್ಥಮಾಡತಕ್ಕ ಅಲ್ಪವಿಷಯವಾಗಿ ತೋರಬಹುದು. ವಿಚಾರಿಸಿ ನೋಡಿದರೆ ಅದರಲ್ಲಿ ಧರ್ಮಸೂಕ್ಷ್ಮವೊಂದು ಅಡಗಿದೆ. ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿರುವ ಬಡವನಹಳ್ಳಿಯ ಒಂದು ಪ್ರಸಂಗವು ನಮ್ಮನ್ನು ಈ ವಿಚಾರಕ್ಕೆ ಪ್ರೇರಿಸಿತು.

ಆ ಊರಿನ ರೈತರೊಬ್ಬರ ಮಗನು ಪದವಿಯನ್ನು ಪಡೆದು ಉಪಾಧ್ಯಾಯನಾಗಬೇಕೆಂದು ಬಯಸಿದವನು. ಪದವೀಧರನು ಪ್ರೌಢಶಾಲೆಯಲ್ಲಿ ಪಾಠ ಹೇಳಬೇಕಾದರೆ ಬಿ.ಇಡಿ. ವ್ಯಾಸಂಗವನ್ನು ಮುಗಿಸಿರಬೇಕಷ್ಟೆ. ಮೊದಲು ಒಂದು ವರ್ಷದ್ದಾಗಿದ್ದ ಆ ವ್ಯಾಸಂಗವು 2015ರಲ್ಲಿ ಎರಡು ವರ್ಷದ್ದಾಯಿತು. ಆದುದರಿಂದ ಒಂದು ಸಲ ಪ್ರವೇಶ ತಪ್ಪಿದರೆ ಸಂಪಾದನೆಯ ದಿನವು ಮೂರು ವರ್ಷ ಆಚೆಗೆ ಸರಿಯಿತೆಂಬುದು ಬಡವರ ಲೆಕ್ಕ. ಅರ್ಜಿಗಳನ್ನು ಕರೆದ ದಿನಗಳಲ್ಲಿಯೇ ಮನೆಯಲ್ಲಿ ತಂದೆಗೆ ಕಾಯಿಲೆ; ಹೊಲದಲ್ಲಿ ಕಡಲೆಕಾಯಿ ಕೀಳುವ ಕೆಲಸ. ಹುಡುಗನು ಎಚ್ಚೆತ್ತು ನೋಡುವಷ್ಟರಲ್ಲಿ ಗಡುವು ಕಳೆದು ನಾಲ್ಕು ದಿನಗಳಾಗಿದ್ದುವು.

ಹಿತೈಷಿಯೊಬ್ಬರು ಉಪಾಯ ಹೇಳಿಕೊಟ್ಟರು. “ನೋಡಪ್ಪ, ನೀನೇ ಹಾಸಿಗೆ ಹಿಡಿದಿದ್ದೆಯೆಂದು ವೈದ್ಯರಿಂದ ಒಂದು ಚೀಟಿ ಬರೆಸು, ದೊಡ್ಡವರೊಬ್ಬರಿಂದ ಒಂದು ಮಾತು ಹೇಳಿಸೋಣ.” ಹುಡುಗನ ಮನಸ್ಸು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ನಮ್ಮಲ್ಲಿಗೆ ಬಂದು, “ಮೇಷ್ಟರೆ, ಕಷ್ಟವಂತೂ ನಿಜ, ಚೀಟಿ ಮಾತ್ರ ಸುಳ್ಳು. ಇದರಿಂದ ಯಾರಿಗೆ ನಷ್ಟ?” ಎಂದು ಕೇಳಿದನು.

ಪ್ರಶ್ನೆ ಸರಿಯಾದುದೇ. ಸರ್ಕಾರದ ಪಾಲಿನ ಸ್ಥಾನಗಳು ಎಣಿಸಿಟ್ಟವು. ಅಂಕಗಳ ಅನುಕ್ರಮದಿಂದಲೂ ಮೀಸಲಾತಿಯ ಕ್ರಮದಿಂದಲೂ ಹಂಚತಕ್ಕವು. ಒಬ್ಬನು ಒಳಗೆ ಬಂದರೆ ಮತ್ತೊಬ್ಬರು ಹೊರಗುಳಿಯಲೇಬೇಕು. ಹಾಗೆ ಉಳಿಯುವವಳು ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ, ಇಂತಹುದೇ ಕಷ್ಟಗಳ ನಡುವೆ, ಗಡುವಿನೊಳಗಾಗಿ ಅರ್ಜಿ ಸಲ್ಲಿಸಿದ ಹೆಣ್ಣುಮಗಳಾಗಿರಬಹುದು. ಎದುರಿಗೆ ನಿಂತು ಬೇಡುವವನ ಮುಖ ನಮಗೆ ಕಾಣುತ್ತದೆ. ಅವಳ ಮುಖ ಕಾಣುವುದಿಲ್ಲ. ಕಾಣದ ಆ ಮುಖದ ಪರವಾಗಿ ನಿಂತಿರುವುದು ಗಡುವೊಂದೇ. ಅದನ್ನು ನಿರ್ದಯವೆಂದು ನಿಂದಿಸುವವರು ಇದನ್ನು ಯೋಚಿಸಬೇಕು: ಬೇಲಿ ಸಡಿಲವಾದ ಕಡೆ ಮೊದಲು ನುಗ್ಗುವವನು ಬಡವನಲ್ಲ, ಶಿಫಾರಸು ಉಳ್ಳವನು.

ಹಾಗಾದರೆ ಇದೇ ಹುಡುಗನು ನಾಳೆ ಉಪಾಧ್ಯಾಯನಾಗಿ, ಕುರಿಗಳನ್ನು ಅಟ್ಟಿ ತಡವಾಗಿ ಬಂದ ಬಾಲಕನನ್ನು ಶಾಲೆಯ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕೆ? ಸರ್ವಥಾ ಕೂಡದು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಸ್ಪಷ್ಟವಾಗಿ ವಿಧಿಸಿದೆ: ಪ್ರವೇಶದ ಅವಧಿ ಮುಗಿದ ಮೇಲೆ ಬಂದರೂ ಮಗುವಿಗೆ ಶಾಲೆ ಇಲ್ಲವೆನ್ನುವಂತಿಲ್ಲ. ಹಿಂದುಳಿದ ಮಗುವಿಗೆ ವಿಶೇಷವಾಗಿ ಕಲಿಸಿ ಸರಿಗಟ್ಟುವ ಹೊಣೆಯೂ ಶಾಲೆಯದೇ.

ಒಂದು ಕಡೆ ಕಾಠಿಣ್ಯ, ಇನ್ನೊಂದು ಕಡೆ ಔದಾರ್ಯ, ಇವೆರಡರಲ್ಲಿ ವಿರೋಧವಿಲ್ಲ. ತಡವಾದ ಬಾಲಕನನ್ನು ಒಳಗೆ ಕರೆದುಕೊಳ್ಳುವ ಉಪಾಧ್ಯಾಯನು ತನ್ನ ಹೊತ್ತನ್ನು, ತನ್ನ ಶ್ರಮವನ್ನು ವೆಚ್ಚಮಾಡುತ್ತಾನೆ. ತಡವಾದ ಅರ್ಜಿಯನ್ನು ಗುಟ್ಟಾಗಿ ಸ್ವೀಕರಿಸುವವನಾದರೋ ಇನ್ನೊಬ್ಬರ ಸ್ಥಾನವನ್ನು ದಾನಮಾಡುತ್ತಾನೆ. ಕ್ಷಮೆಯು ಕ್ಷಮಿಸುವವನ ಕೈಯಿಂದ ಖರ್ಚಾದರೆ ಮಾತ್ರ ಕ್ಷಮೆ. ಪರರ ಗಂಟಿನಿಂದ ಖರ್ಚಾದರೆ ಅದು ಪಕ್ಷಪಾತ.

ತಡವಾಗುವುದು ಅವಮಾನವೂ ಅಲ್ಲ. ಶ್ವೇತಕೇತುವು ಪಾಂಚಾಲರ ಸಭೆಯಲ್ಲಿ ಪ್ರವಾಹಣ ಜೈವಲಿಯ ಐದು ಪ್ರಶ್ನೆಗಳಿಗೂ ಉತ್ತರ ತಿಳಿಯದೆ ಮನೆಗೆ ಮರಳಿದನೆಂದು ಛಾಂದೋಗ್ಯೋಪನಿಷತ್ತು ಹೇಳುತ್ತದೆ. ಅವನ ತಂದೆಯು ತನಗೂ ತಿಳಿಯದೆಂದು ಒಪ್ಪಿಕೊಂಡು, ಮಗನಿಗೇ ವಿದ್ಯೆ ಹೇಳಿಕೊಟ್ಟ ಆ ವಯಸ್ಸಿನಲ್ಲಿ ತಾನೇ ಅರಸನ ಬಳಿಗೆ ಕಲಿಯಲು ಹೋದನು. ಅರಸನು ಒಡನೆಯೇ ಹೇಳಲಿಲ್ಲ. ಬಹುಕಾಲ ಇಲ್ಲಿರು ಎಂದನು. ಋಷಿಯು ಕಾದನು. ಕಾಯಬೇಕಾಗಿ ಬಂದುದರಿಂದ ಅವನ ಹಿರಿಮೆಗೆ ಕುಂದು ಬಂದಿತೆಂದು ಯಾರೂ ಹೇಳರು.

ಇದನ್ನೆಲ್ಲ ಹುಡುಗನಿಗೆ ತಿಳಿಸಿದೆವು. ನಾಳೆ ನಿಜವನ್ನು ಕಲಿಸಬೇಕಾದವನು ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲೆ ಇಡಬಾರದೆಂದೂ ಹೇಳಿದೆವು. ಅವನು ತಲೆಬಾಗಿ ಕೇಳಿ, ಚೀಟಿಯ ಯೋಚನೆಯನ್ನು ಬಿಟ್ಟು ಹೊಲಕ್ಕೆ ಹೋದನು. ಅಂದಿನ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹೋದ ವರ್ಷವು ಅವನದು. ಉಪದೇಶ ಮಾಡಿದ ನಮಗೆ ಒಂದು ಕಾಸೂ ಖರ್ಚಾಗಿರಲಿಲ್ಲ. ನಾವು ಹೇಳಿದ ನಿಯಮವು ನಮ್ಮನ್ನೇ ಹಿಡಿದುಕೊಂಡಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಪ್ರಕಟಣೆಯು ಅಂತರ್ಜಾಲದಲ್ಲಿ ಹೊರಡುತ್ತದೆ. ಹೊಲದಲ್ಲಿ ಬಗ್ಗಿ ದುಡಿಯುವವನ ಕಿವಿಗೆ ಅದು ಬೀಳುವ ವೇಳೆಗೆ ಗಡುವು ಸಮೀಪಿಸಿರುತ್ತದೆ. ಗಡುವನ್ನು ಎತ್ತಿಹಿಡಿಯುವವರಿಗೆ ಅದರ ಸುದ್ದಿಯನ್ನು ಸಕಾಲದಲ್ಲಿ ಮುಟ್ಟಿಸುವ ಋಣವೂ ಉಂಟು. ಆ ಋಣವನ್ನು ತೀರಿಸಲೆಂದು ಪ್ರಕಟಣೆ ಹೊರಟ ಕೂಡಲೆ ಅದನ್ನು ದೊಡ್ಡಕ್ಷರಗಳಲ್ಲಿ ಬರೆದು ಬಡವನಹಳ್ಳಿಯ ಬಸ್ಸು ನಿಲ್ಲುವೆಡೆಯಲ್ಲಿ ಅಂಟಿಸುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ. ಓದುಬಲ್ಲ ವಾಚಕರು ತಂತಮ್ಮ ಊರುಗಳಲ್ಲಿ ಇಷ್ಟನ್ನು ಮಾಡಿದರೆ, ಬಾಗಿಲು ಮುಚ್ಚಿತೆಂದು ಅಳುವವರು ಕಡಿಮೆಯಾಗುವರು. ಮುಚ್ಚಿದ ಬಾಗಿಲನ್ನು ಸುಳ್ಳಿನಿಂದ ತೆರೆಸುವವರೂ ಕಡಿಮೆಯಾಗುವರು.