ಆ ದೇವದತ್ತನೇ ಇವನು?

ಕೆನಡಾದ ವಿಜ್ಞಾನ ಕಾದಂಬರಿಕಾರ ರಾಬರ್ಟ್ ಸಾಯರ್ ಇವತ್ತಿಗೂ ಬರೆಯುವುದು ವರ್ಡ್‌ಸ್ಟಾರ್‌ನಲ್ಲೇ. ಬರವಣಿಗೆಯ ಆ ಹಳೆಯ ತಂತ್ರಾಂಶದ ಕೊನೆಯ ಡಾಸ್ ಆವೃತ್ತಿ ಬಂದದ್ದು 1992ರಲ್ಲಿ. ಈಗಿನ 64 ಬಿಟ್ ವಿಂಡೋಸ್ ಅದನ್ನು ನೇರವಾಗಿ ಓಡಿಸುವುದಿಲ್ಲ. ಹಳೆಯ ಯಂತ್ರದ ವೇಷ ತೊಡುವ ಡಾಸ್‌ಬಾಕ್ಸ್-ಎಕ್ಸ್ ಎಂಬ ಎಮ್ಯುಲೇಟರ್ ಜೊತೆ ಸಾಯರ್ ಅದನ್ನು ಗಂಟು ಕಟ್ಟಿ 2024ರಲ್ಲಿ ಎಲ್ಲರಿಗೂ ಹಂಚಿದರು. ಅದೇ ಪರದೆ, ಅದೇ ಮಿನುಗುವ ಕರ್ಸರ್, ಅದೇ ಕಂಟ್ರೋಲ್ ಕೀಲಿಯ ಆಜ್ಞೆಗಳು.

ಹಾಗಾದರೆ ಇದು ಅದೇ ವರ್ಡ್‌ಸ್ಟಾರೇ?

ನಮ್ಮ ದರ್ಶನಕಾರರಿಗೆ ಇದು ಹಳೆಯ ಪ್ರಶ್ನೆ. ಎಂದೋ ಎಲ್ಲೋ ಕಂಡವನನ್ನು ಮತ್ತೆ ಕಂಡು ‘ಆ ದೇವದತ್ತನೇ ಇವನು’ ಎನ್ನುತ್ತೇವಲ್ಲ, ಅದಕ್ಕೆ ಅವರಿಟ್ಟ ಹೆಸರು ಪ್ರತ್ಯಭಿಜ್ಞೆ. ಅದ್ವೈತಿಗಳು ಈ ಮಾತನ್ನು ಬಿಡಿಸುವ ಬಗೆ ಸೊಗಸು: ‘ಆಗ, ಅಲ್ಲಿ’ ಎಂಬುದನ್ನೂ ‘ಈಗ, ಇಲ್ಲಿ’ ಎಂಬುದನ್ನೂ ಕಳೆದರೆ ಉಳಿಯುವ ದೇವದತ್ತ ಒಬ್ಬನೇ. ಬೌದ್ಧರು ಒಪ್ಪಲಿಲ್ಲ. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರನ್ನೂ ‘ಅದೇ ಉಗುರು’ ಎನ್ನುತ್ತೇವೆ, ಇದು ಹೋಲಿಕೆ ತಂದಿಟ್ಟ ಭ್ರಮೆ ಎಂದರು.

ತಂತ್ರಾಂಶದ ವಿಷಯದಲ್ಲಿ ಮೊದಲ ನೋಟಕ್ಕೆ ಗೆಲ್ಲುವವನು ಅದ್ವೈತಿ. ಫ್ಲಾಪಿಯಿಂದ ನಕಲಾದ ಕಡತದಲ್ಲಿ ಒಂದು ಬಿಟ್ ಕೂಡ ಬದಲಾಗಿರುವುದಿಲ್ಲ. ಆದರೆ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮ್‌ಗಳು ವೇಗದ ಯಂತ್ರಗಳು ಬಂದ ಮೇಲೆ ‘ರನ್‌ಟೈಮ್ ಎರರ್ 200’ ಎಂದು ಹೇಳಿ ಶುರುವಿನಲ್ಲೇ ನಿಂತುಹೋದವು. ಯಂತ್ರ ಎಷ್ಟು ಚುರುಕು ಎಂದು ಅಳೆಯಲು ಅವು ಒಂದು ಭಾಗಾಕಾರ ಮಾಡುತ್ತಿದ್ದವು. ಪ್ರೊಸೆಸರ್ ತೀರ ಚುರುಕಾದಾಗ ಉತ್ತರ 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಕೋಡ್ ಹಾಗೇ ಇತ್ತು, ದೇಹ ಬದಲಾಗಿತ್ತು. ಡಾಸ್‌ಬಾಕ್ಸ್‌ನಲ್ಲಿ ‘ಸೈಕಲ್ಸ್’ ಅಂಕಿ ಇಳಿಸಿ ಯಂತ್ರವನ್ನು ಬೇಕೆಂದೇ ನಿಧಾನಗೊಳಿಸುವ ಏರ್ಪಾಡಿದೆ. ಹಳೆಯ ಜೀವಕ್ಕೆ ಹಳೆಯ ನಾಡಿಬಡಿತವೂ ಬೇಕು.

ಕನ್ನಡದ ಪಾಡು ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ ಇಂಗ್ಲಿಷಿಗೆಂದು ಬರೆದ ಡಾಸ್ ತಂತ್ರಾಂಶದಲ್ಲೂ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಭಾರತೀಯ ಲಿಪಿಗಳಿಗೆಂದೇ ಇದ್ದ 1991ರ ಇಸ್ಕಿ ಸಂಕೇತದಲ್ಲಿ ‘ಕ’ ಅಕ್ಷರದ ಸಂಖ್ಯೆ 179. ಐಬಿಎಂ ಪಿಸಿಯ ಮೂಲ ಅಕ್ಷರಪಟ್ಟಿಯಲ್ಲಿ ಅದೇ 179 ಒಂದು ನೆಟ್ಟನೆಯ ಗೆರೆ. ಅಂಥ ಕಡತವನ್ನು ಇಂದು ಬರೀ ಎಮ್ಯುಲೇಟರ್‌ನಲ್ಲಿ ತೆರೆದರೆ ತಂತ್ರಾಂಶವೇನೋ ಓಡುತ್ತದೆ, ಕನ್ನಡ ಇರಬೇಕಾದ ಕಡೆ ಗೆರೆ, ಮೂಲೆ, ಗ್ರೀಕ್ ಅಕ್ಷರಗಳು ಸಾಲುಗಟ್ಟುತ್ತವೆ.

ಅದ್ವೈತಿಯ ದಾರಿ ಇಲ್ಲಿ ನಡೆಯುವುದಿಲ್ಲ. ‘ಆಗ, ಅಲ್ಲಿ’ಯನ್ನು ಕಳೆದರೆ ಈ ದೇವದತ್ತನೇ ಕಳೆದುಹೋಗುತ್ತಾನೆ. ಹಾಗೆಂದು ಎಲ್ಲವೂ ಭ್ರಮೆ ಎನ್ನುವುದೂ ಸಲ್ಲದು. ಸಾಯರ್ ಅವರ ವರ್ಡ್‌ಸ್ಟಾರ್ ನಿಜಕ್ಕೂ ವರ್ಡ್‌ಸ್ಟಾರೇ, ಏಕೆಂದರೆ ಅವರು ಕೋಡಿನ ಜೊತೆಗೆ ಅದರ ಲೋಕವನ್ನೂ ಹೊತ್ತು ತಂದಿದ್ದಾರೆ.

ಮನೆಯಲ್ಲೋ ಕಚೇರಿಯಲ್ಲೋ ಹಳೆಯ ಫ್ಲಾಪಿಗಳಿದ್ದವರು ಅವನ್ನು ಬೇಗ ನಕಲು ಮಾಡಿಟ್ಟುಕೊಳ್ಳಲಿ. ಯಾವ ಯಂತ್ರ, ಯಾವ ಕಾರ್ಡ್, ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ.